ಹೊಲಿಯಗೊಡದ ಜೇಬು

ಕಲ್ಲಯ್ಯನವರು ಅಡುಗೆಮನೆಯಿಂದ ನಡುಮನೆಗೆ ಹೋಗುವಾಗಲೂ ಬಾಗಿಲ ಬಳಿ ಒಂದು ಕ್ಷಣ ನಿಂತು, ಬಲಭುಜದ ಮೇಲಿಂದ ಹಿಂದೆ ನೋಡಿ, ಆಮೇಲೆಯೇ ತಿರುಗುತ್ತಾರೆ. ಕೈಯಲ್ಲಿ ಚಹಾದ ಕಪ್ಪಿರಲಿ, ಕುದಿಯುವ ಸಾರಿನ ಪಾತ್ರೆಯಿರಲಿ, ಈ ವಿಧಿಗೆ ಲೋಪವಿಲ್ಲ. ಲಂಡನ್ನಿನ ಅಂಚಿನ ಕೆಂಟನ್ನಿನ ಬೀದಿಗಳಲ್ಲಿ ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಅರ್ಧ ಆಯುಷ್ಯ ಸವೆಸಿದ ಮನುಷ್ಯ. ಶಿಷ್ಯರಿಗೆ ಕಲಿಸಿದ್ದೆಲ್ಲ ತಮ್ಮದೇ ಕುತ್ತಿಗೆಗೆ ಇಳಿದು ಕೂತಿದೆ. ಹೆಂಡತಿ ಕಾಶವ್ವನಿಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. "ಅಲ್ರೀ, ಹಿಂದ ನಾ ಒಬ್ಬಾಕೀನ ಅದೀನಿ, ಲಾರಿ ಏನ್ ಬರಾಂಗಿಲ್ಲ" ಎಂದು ಕಿಚಾಯಿಸುತ್ತಿದ್ದಳು. "ಖಾತ್ರಿ ಏನು?" ಎನ್ನುತ್ತಿದ್ದರು ಅವರು, ನಗದೆ.

ಆ "ಖಾತ್ರಿ ಏನು?" ಅವರ ಬಾಳಿನ ಪಲ್ಲವಿ. ಗ್ಯಾಸ್ ಆರಿಸಿದೆ ಎಂದರೂ ಅದೇ ಮಾತು, ಹಿಂಬಾಗಿಲು ಹಾಕಿದೆ ಎಂದರೂ ಅದೇ ಮಾತು. ಮಗಳು ಸೃಷ್ಟಿಗೆ ಡ್ರೈವಿಂಗ್ ಕಲಿಸುವಾಗ, ಓರಗೆಯವರೆಲ್ಲ ಲೈಸೆನ್ಸ್ ಪಡೆದು ಸ್ವಂತ ಕಾರು ಓಡಿಸುತ್ತಿದ್ದರೂ ಇವರು ಅವಳನ್ನು ಪರೀಕ್ಷೆಗೆ ಕಳಿಸಲು ಒಪ್ಪಲಿಲ್ಲ. "ಪಾಸ್ ಆಗ್ತಾಳ. ಆದ್ರ ಇನ್ನೂ ತಯಾರ್ ಇಲ್ಲ" ಎಂದುಬಿಟ್ಟರು. "ಮಮ್, ಹಿ ಈಸ್ ಇಂಪಾಸಿಬಲ್!" ಎಂದು ಹುಡುಗಿ ಬಾಗಿಲು ಬಡಿದುಕೊಂಡು ಹೋದಳು. ಅಪ್ಪ ಎದ್ದು, ಬಾಗಿಲ ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ನೋಡಿ ಬಂದರು.

ಇಂಥವರು ಒಂದು ದಿನ ಊಟದ ನಡುವೆ, "ನಾ ಒಂದು ಬಂದೂಕು ತಗೋಬೇಕಂತ ಮಾಡೀನಿ" ಎಂದಾಗ ಕಾಶವ್ವನ ಕೈಯ ಸೌಟು ಪಾತ್ರೆಗೆ ಜಾರಿತು. ವಿಜಯಪುರದ ಜಂಗಮರ ಮನೆತನ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಸ್ನಾನದ ಮನೆಯ ಜೇಡವನ್ನೂ ಗ್ಲಾಸಿನಲ್ಲಿ ಹಿಡಿದು ತೋಟಕ್ಕೆ ಬಿಟ್ಟು ಬರುವ ಜೀವ. ಇವರಿಗೆ ಬಂದೂಕೇ? ಶಿವ ಶಿವಾ! ಮಾಟ ಮಾಡಿದವರು ಟೆಕ್ಸಾಸಿನಲ್ಲಿದ್ದರು. ರಜೆಗೆ ಹೋದಾಗ ಅಲ್ಲಿರುವ ಅಕ್ಕನ ಮಗ ಅಮರ ಇವರನ್ನು ಗೆಳೆಯನ ದನದ ಫಾರ್ಮಿಗೆ ಕರೆದೊಯ್ದಿದ್ದ. ದನ ಕಾಯುವವರು ಜೀಪಿನ ಹಿಂದೆ ಇಟ್ಟುಕೊಳ್ಳುವ ರ‍್ಯಾಂಚ್ ರೈಫಲ್ಲನ್ನು ಕೈಗೆ ಕೊಟ್ಟಿದ್ದ. ಒಮ್ಮೆ ಕುದುರೆ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿಯೇ ಬಂದು ಕೂರುವ ಆ ಯಂತ್ರದ ಶಿಸ್ತು ಇವರ ತಲೆಗೇರಿಬಿಟ್ಟಿತು.

ಲಂಡನ್ನಿಗೆ ಬಂದು ವಿಚಾರಿಸಿದರೆ, ಆ ಜಾತಿಯ ದೊಡ್ಡ ಬಂದೂಕನ್ನು ಇಲ್ಲಿ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಅದರದೇ ಚಿಕ್ಕ ರೂಪ, ಕಿರುಗುಂಡಿನದು, ಪೊಲೀಸರ ಪರವಾನಗಿ ಇದ್ದರೆ ಸಿಗುತ್ತದೆ. ಸರಿ, ಅದೇ ಆಗಲಿ ಎಂದು ಹಟಕ್ಕೆ ಬಿದ್ದರು. ಗುರಿಕಾರರ ಕ್ಲಬ್ಬಿನ ಸದಸ್ಯತ್ವ, ಹೊಸಬರ ಪರೀಕ್ಷಾವಧಿ, ಪೊಲೀಸರ ತಪಾಸಣೆ ಎಲ್ಲ ಮುಗಿಸಿಕೊಂಡು ಅಂಗಡಿಗೆ ಹೋದಾಗ ಕಾಶವ್ವನೂ ಜೊತೆಗಿದ್ದಳು. ಹೆಣ್ಣು ನೋಡಲು ಹೋದವರೂ ಅಷ್ಟು ಪರೀಕ್ಷೆ ಮಾಡಿರಲಾರರು. ಕಪ್ಪು ಪ್ಲಾಸ್ಟಿಕ್ಕಿನ ಹಿಡಿಯದು ಹಗುರ, ಮಳೆಗೆ ಹೆದರದು ಎಂದು ಅಂಗಡಿಯವನು ಹೊಗಳಿದ. ಇವರು ಒಂದೊಂದನ್ನೂ ಹೆಗಲಿಗೇರಿಸಿ, ಕೆನ್ನೆಯಿಟ್ಟು, ಕಣ್ಣುಮುಚ್ಚಿ ತೆರೆದು, ಕಡೆಗೆ ಅಕ್ರೋಟ ಮರದ ಹಿಡಿಯದನ್ನು ಆರಿಸಿದರು. "ಇದು ಗಲ್ಲಕ್ಕ ಕೂಡತೈತಿ" ಎಂದರು, ಮೆಲ್ಲಗೆ.

ಆಮೇಲೆ ಶುರುವಾಯಿತು ಅದರ ಬಾಯಿರುಚಿಯ ಶೋಧ. ಒಂದೊಂದು ಬಂದೂಕಿಗೂ ಒಂದೊಂದು ಕಂಪನಿಯ ಗುಂಡೇ ಒಗ್ಗುವುದಂತೆ. ಅಗ್ಗದ್ದು ಕೊಟ್ಟರೆ ಹಾರಿದ ಗುಂಡಿನ ಖಾಲಿ ಕೋಶ ಹೊರಬೀಳದೆ ಬಾಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತಿತ್ತು. ಹೊರಗೆ ಸವರಿದ ಮೇಣ ಹೆಚ್ಚಾದದ್ದು ಕೊಟ್ಟರೆ ಒಳಗೆಲ್ಲ ಮಸಿ ಕಟ್ಟುತ್ತಿತ್ತು. ಕ್ಲಬ್ಬಿನಲ್ಲಿ ಬಿಳಿಯ ಮುದುಕರು ತಮ್ಮ ತಮ್ಮ ಬಂದೂಕುಗಳ ಅಜೀರ್ಣದ ಕಥೆಗಳನ್ನು ಹೇಳಿಕೊಳ್ಳುತ್ತಿದ್ದರೆ ಇವರು ಮೊಮ್ಮಗುವಿನ ಸುದ್ದಿ ಕೇಳುವಂತೆ ಕೇಳುತ್ತಿದ್ದರು. ಒಮ್ಮೆ ಕಾಶವ್ವ ನೋಡಲು ಹೋಗಿದ್ದಳು. ಹೊಟ್ಟೆಯ ಮೇಲೆ ಮಲಗಿ, ಉಸಿರು ಹಿಡಿದು, ದೂರದ ಕಾಗದದ ಮೇಲೆ ಇವರು ಒಂದಾದ ಮೇಲೊಂದು ಗುಂಡು ಕೂರಿಸುತ್ತಿದ್ದರು. ಚಿಮ್ಮಿದ ಬಿಸಿ ಕೋಶವೊಂದು ಪಕ್ಕದವನ ಕಾಲರಿನೊಳಗೆ ಬಿದ್ದು ಅವನು ಕುಣಿದದ್ದೇ ಕುಣಿದದ್ದು. ಆದರೆ ಅವಳ ಕಣ್ಣು ನೆಟ್ಟಿದ್ದು ಗಂಡನ ಮುಖದಲ್ಲಿ. ಮದುವೆಯಾದಾಗಿನಿಂದ ಆ ಮುಖದಲ್ಲಿ ಅಷ್ಟು ನಿರಾಳವನ್ನು ಅವಳು ಕಂಡಿರಲಿಲ್ಲ. ಎಲ್ಲ ಖಾತ್ರಿಯಾದ ಮುಖ ಅದು. ಅಂದಿನಿಂದ ಬಂದೂಕಿನ ಮೇಲಿದ್ದ ಅವಳ ಸಿಟ್ಟು ಇಳಿಯಿತು.

ಬಂದೂಕಿನ ಉಕ್ಕಿನ ಕಪಾಟು ಮೆಟ್ಟಿಲ ಕೆಳಗಿತ್ತು. ಕಾನೂನಿನ ಪ್ರಕಾರ ಅದರ ಕೀಲಿ ಎಲ್ಲಿದೆ ಎಂಬುದು ಪರವಾನಗಿ ಪಡೆದವರನ್ನು ಬಿಟ್ಟು ಮತ್ತಾರಿಗೂ, ಕೈಹಿಡಿದ ಹೆಂಡತಿಗೂ ಗೊತ್ತಾಗಕೂಡದು. ತಪಾಸಣೆಗೆ ಬಂದ ಪೊಲೀಸ್ ಅಧಿಕಾರಿ ಹೆಣ್ಣುಮಗಳು ಕಾಶವ್ವನನ್ನೇ ನೇರ ಕೇಳಿದ್ದಳು. ಗೊತ್ತಿಲ್ಲ ಎಂದು ಇವಳು ಹೇಳಿದ್ದು ಆಗ ಸತ್ಯವೇ ಆಗಿತ್ತು. ಕಲ್ಲಯ್ಯನವರು ಪಕ್ಕದಲ್ಲಿ ನಿಂತು, ತಮಗೇ ಪದಕ ಕೊಟ್ಟಂತೆ ತಲೆದೂಗಿದ್ದರು.

ಆದರೆ ಕೋಟೊಂದಿತ್ತಲ್ಲ! ಕಂದು ಉಣ್ಣೆಯ ಹಳೇ ಕೋಟು, ಬೇಸಿಗೆಯಲ್ಲೂ ಪೆಟ್ಟಿಗೆ ಸೇರದೆ ಗೂಟದಲ್ಲೇ ಇರುವ ಕೋಟು. ಅದರ ಎಡಜೇಬಿನ ತಳ ಹರಿದಿತ್ತು. ಕಾಶವ್ವ ಕೆಂಟನ್ನಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು. ಅವಳ ಗಂಡನ ಜೇಬೇ ಹರಿದಿರುವುದೆಂದರೆ ಮರ್ಯಾದೆಯ ಪ್ರಶ್ನೆ. ಎಷ್ಟು ಬೇಡಿದರೂ ಹೊಲಿಯಗೊಡರು. "ಇರಲಿ ಬಿಡು. ಗಾಳಿ ಆಡ್ತೈತಿ" ಎನ್ನುವರು. ಗಾಳಿಯಂತೆ ಗಾಳಿ! ಒಂದು ಮಧ್ಯಾಹ್ನ ತಡೆಯಲಾರದೆ ಸೂಜಿ ಹಿಡಿದು ಕೂತವಳ ಬೆರಳು ಹರಕಿನಿಂದ ಇಳಿದು ಅಂಚಿನ ಅಸ್ತರಿಗೆ ಮುಟ್ಟಿತು. ಅಲ್ಲಿ ತಣ್ಣನೆಯ ಕೀಲಿ. ಕಾಶವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು, ಕೋಟನ್ನು ಇದ್ದಂತೆಯೇ ಗೂಟಕ್ಕೆ ಹಾಕಿದಳು. ಹೇಳಿದರೆ ಪಾಪ ಅವರ ಜಂಬ ಇಳಿದೀತೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಆಯುಧಪೂಜೆಯ ಖಂಡೇನವಮಿ ಬಂತು. ಪ್ರತಿವರ್ಷದಂತೆ ಹೊಲಿಗೆ ಯಂತ್ರ, ಮಿಕ್ಸಿ, ಸ್ಪ್ಯಾನರು, ಕಾರಿನ ನೆತ್ತಿಯ ಕೆಂಪು ಎಲ್ ಅಕ್ಷರದ ಫಲಕ ಎಲ್ಲಕ್ಕೂ ವಿಭೂತಿ ಹಚ್ಚಿ ಹೂವಿಟ್ಟಳು. ಮನೆಯ ಒಂದೇ ಒಂದು ನಿಜವಾದ ಆಯುಧ ಮಾತ್ರ ಕತ್ತಲಲ್ಲಿ! ಬರುವ ಭಾನುವಾರ ಅವರಿಗೆ ಪಂದ್ಯವಿತ್ತು. ಹಿಂದಿನ ಪಂದ್ಯದಲ್ಲಿ ಅದು ಕೈಕೊಟ್ಟು, ಅವರು ಎರಡು ಹೊತ್ತು ಸರಿಯಾಗಿ ಉಂಡಿರಲಿಲ್ಲ. ಪೂಜೆ ಕಾಣದ ಆಯುಧ ಮುನಿಯದೆ ಇದ್ದೀತೇ? ಪೂಜೆಯಾದ ಕಾರನ್ನು ತೆಗೆದುಕೊಂಡು ಅವರು ಪಾಠಕ್ಕೆ ಹೋಗಿದ್ದರು; ಅಂದು ಸೆಕೆಯೆಂದು ಕೋಟು ಗೂಟದಲ್ಲೇ ಇತ್ತು. ಕಾಶವ್ವ ಕೀಲಿ ತೆಗೆದಳು. ಬಂದೂಕನ್ನು ಮಣೆಯ ಮೇಲೆ ಮಲಗಿಸಿ, ಅಕ್ರೋಟದ ಹಿಡಿಗೆ ಮೂರೆಳೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಅವರ ಮುಖ ಹೇಗೆ ಅರಳೀತೆಂದು ಕಾದು ಕೂತಳು.

ಕಲ್ಲಯ್ಯನವರು ಬಂದರು, ಬಾಗಿಲಲ್ಲಿ ನಿಂತರು, ಭುಜದ ಮೇಲಿಂದ ನೋಡುವುದನ್ನೇ ಮರೆತರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಮಂಡಿಯೂರಿ ಬಂದೂಕಿನ ಬಾಯಿ ತೆರೆದು, ಒಳಗೆ ಗುಂಡಿಲ್ಲವೆಂದು ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು: "ಕೀಲಿ?"

"ಕೋಟಿನ್ಯಾಗ. ನನಗ ಹೋದ ವರ್ಷನ ಗೊತ್ತಾಗೈತ್ರಿ" ಎಂದಳು ಕಾಶವ್ವ. ನಗಬೇಕೆಂದಿದ್ದಳು, ಅವರ ಮುಖ ನೋಡಿ ನಗು ಬರಲಿಲ್ಲ.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈದಿದ್ದರೆ ಅವಳೂ ಬೈಯುತ್ತಿದ್ದಳು. ಬೈಯಲಿಲ್ಲ. ಫೋನು ಕೈಗೆತ್ತಿಕೊಂಡರು.

"ಯಾರಿಗ್ರೀ?"

"ಪೊಲೀಸರಿಗೆ."

ಕಾಶವ್ವ ಫೋನಿಗೆ ಕೈ ಅಡ್ಡ ಹಿಡಿದಳು. "ಹುಚ್ಚ ಹಿಡದೈತೇನ್ರೀ ನಿಮಗ? ನನ್ನ ಜೇಲಿಗೆ ಹಾಕಸ್ತೀರೇನು? ಒರಸಿ ಒಳಗ ಇಟ್ರ ಮುಗೀತು. ಯಾರ್ ನೋಡ್ಯಾರ?"

"ನಾ ನೋಡೀನಲ್ಲ" ಎಂದರು ಕಲ್ಲಯ್ಯನವರು.

"ನಿಮ್ಮ ಬಂದೂಕು ಕೈಬಿಟ್ಟು ಹೊಕ್ಕೈತ್ರೀ!"

"ಅವರಿಗೆ ನಾ ಖಾತ್ರಿ ಕೊಟ್ಟಿದ್ದೆ, ಕಾಶಿ. ಅದು ಉಳೀಲಿಲ್ಲ."

ಅವಳು ಅತ್ತಳು, ಕೈ ಹಿಡಿದಳು, ಸೃಷ್ಟಿಯ ಆಣೆ ಇಟ್ಟಳು. ಜಪ್ಪಯ್ಯ ಎಂದರೂ ಆ ಮನುಷ್ಯ ಬಗ್ಗಲಿಲ್ಲ. ಸಂಜೆಯಾಗುವ ಮುನ್ನ ಅದೇ ಅಧಿಕಾರಿ ಬಂದಳು, ಜೊತೆಗೊಬ್ಬನನ್ನು ಕರೆದುಕೊಂಡು. ಕಲ್ಲಯ್ಯನವರು ಒಂದಕ್ಷರ ಮುಚ್ಚಿಡದೆ ಹೇಳಿದರು. ಪೂಜೆ ಏನೆಂದು ಹೇಳಿದರು. ಇವಳು ತೆಗೆದದ್ದು ಭಕ್ತಿಯಿಂದ, ಕೀಲಿ ಕಾಯುವ ಕೆಲಸ ನನ್ನದು, ತಪ್ಪೂ ನನ್ನದು ಎಂದು ಎರಡೆರಡು ಸಲ ಹೇಳಿದರು. ಅಧಿಕಾರಿ ಕುಂಕುಮವಿಟ್ಟ ಬಂದೂಕನ್ನು ಬಹಳ ಹೊತ್ತು ನೋಡಿದಳು. ಅವಳಿಗೂ ಇಂಥ ಫಿರ್ಯಾದು ಹೊಸದಿರಬೇಕು: ಕಳ್ಳನೂ ಇಲ್ಲ, ಸಾಕ್ಷಿಯೂ ಇಲ್ಲ, ತನ್ನನ್ನು ತಾನೇ ಹಿಡಿದುಕೊಟ್ಟವನೊಬ್ಬ. ಕಾಶವ್ವನಿಗೆ ಬಿಗಿಯಾದ ಎಚ್ಚರಿಕೆ ಸಿಕ್ಕಿತು, ಅಷ್ಟಕ್ಕೇ ಬಿಟ್ಟರು. ಬಂದೂಕು ಪೊಲೀಸರ ಚೀಲದೊಳಗೆ ಹೋಯಿತು. ಹಿಡಿಗೆ ಅಂಟಿದ್ದ ಚೆಂಡುಹೂವಿನ ಎಸಳೂ ಅದರ ಜೊತೆಗೇ ಹೋಯಿತು.

ದೀಪಾವಳಿಗೆ ಮುನ್ನ ಪರವಾನಗಿ ರದ್ದಾದ ಸುದ್ದಿ ಬಂತು. "ಬರೋಬರಿ ಐತಿ. ಅವರ ಜಾಗಾದಾಗ ನಾ ಇದ್ರೂ ಹಿಂಗ ಮಾಡತಿದ್ದೆ" ಎಂದರು. ಆ ಸುದ್ದಿ ಬಂದ ವಾರದ ಭಾನುವಾರ ಕ್ಲಬ್ಬಿನ ಹೊತ್ತಿಗೆ ಅಭ್ಯಾಸಬಲದಿಂದ ಎದ್ದು, ಗೂಟದಿಂದ ಕೋಟು ತೆಗೆದು, ಒಂದು ಗಳಿಗೆ ಹಿಡಿದು ನಿಂತರು. ಆಮೇಲೆ ಹೊಲಿಗೆ ಯಂತ್ರದ ಮುಂದಿದ್ದ ಕಾಶವ್ವನ ಮಡಿಲಿಗೆ ಅದನ್ನು ಇಟ್ಟರು.

"ಈಗ ಹೊಲಿ" ಎಂದರು.

ಸಾಯುವ ಮುನ್ನ ಒಮ್ಮೆಯಾದರೂ ಕೇಳಬೇಕೆಂದಿದ್ದ ಮಾತು. ಕೇಳಿದಾಗ ಕಾಶವ್ವನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಇಂಥವರು ಊರಿಗೆ ಕೆಲವರಿರುವುದರಿಂದಲೇ ಉಳಿದ ನಾವು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತೇವೆ ಎಂಬುದು ನಿಜ. ಅವರ ಮನೆಯೊಳಗಿನವರ ಪಾಡು ಬೇರೆ. ಇಂಥವರು ಕೂಗಾಡುವುದಿಲ್ಲ, ಹಾಗಾಗಿ ತಿರುಗಿ ಕೂಗಾಡುವಂತಿಲ್ಲ. ತಪ್ಪನ್ನೆಲ್ಲ ತಾವೇ ಹೊರುತ್ತಾರೆ, ಹಾಗಾಗಿ ಕ್ಷಮೆ ಕೇಳಲೂ ಜಾಗವಿರುವುದಿಲ್ಲ. ತಮಗೆ ತಾವೇ ಕಾವಲು ಕೂತ ಇಂಥ ಜನರನ್ನು ಪ್ರೀತಿಸಹೊರಟವರು ಒಂದಲ್ಲ ಒಂದು ದಿನ, ಕೈಯಲ್ಲಿ ಹೂವು ಹಿಡಿದುಕೊಂಡೇ ಆ ಕಾವಲಿಗೆ ಸಿಕ್ಕಿಬೀಳುತ್ತಾರೆ.