ತೊಂಬತ್ತೊಂದು ಹಲ್ಲು

ಕೆಂಪು ಬಟ್ಟೆ ಅಲ್ಲಾಡಿತು, ಫ್ಯಾನಿನ ಗಾಳಿಗಿರಬೇಕು, ಇಲ್ಲ, ಫ್ಯಾನು ಬೆಳಗಿನಿಂದ ಕೆಟ್ಟು ಕೂತಿದೆ, ಹಾಗಾದರೆ ಅಪ್ಪ ನನ್ನ ಬೆನ್ನ ಹಿಂದೆ ಹಾದುಹೋದ, ತಿರುಗಿ ನೋಡಬೇಡ, ಎಣಿಸು, ಹನ್ನೆರಡು, ಹದಿಮೂರು, ಹದಿನಾಲ್ಕು, ಹಿಡಿಕೆಯ ಪಿನ್ನು ಪ್ಲೇಟಿನ ತೂತಿಗೆ ಬಿತ್ತು, ಉಸಿರು ಒಳಗೆ, ಇನ್ನು ಪ್ಲೇಟಿನ ಹಿಂದಿನ ಪಿನ್ನು ಬಿಡಿಸಿ ಪ್ಲೇಟನ್ನೂ ಹಿಡಿಕೆಯನ್ನೂ ಒಟ್ಟಿಗೇ ತಿರುಗಿಸಬೇಕು, ನಾಲ್ಕು, ಐದು, ಆರು, ಬಿತ್ತು, ಉಸಿರು ಹೊರಗೆ, ಈಗ ಕಟ್ಟರ್ ಬಿಡಬಹುದು. ಕಂಚು ಕಿರ್ರೆನ್ನುತ್ತದೆ, ಹಳದಿ ಪುಡಿ ಮೊಣಕೈಗೆ ಚುಚ್ಚುತ್ತದೆ, ಗಿಯರಿನ ಅಂಚಿನಲ್ಲಿ ಇನ್ನೊಂದು ಸಂದು ತೆರೆಯಿತು, ಇನ್ನೊಂದು ಹಲ್ಲು ಎದ್ದು ನಿಂತಿತು. ಉಂಗುರ ಉಂಗುರವಾಗಿ ತೂತು ಕೊರೆದ ಈ ಪ್ಲೇಟಿನ ಮುಂದೆ ಕೂತವರನ್ನು ಯಾರೂ ಮಾತಾಡಿಸಬಾರದು, ದೀಪದ ಕತ್ತಿನ ಮೇಲೆ ಕೆಂಪು ಬಟ್ಟೆ ಕಂಡರೆ ಬಾಯಿಗೆ ಬೀಗ, ಇದು ಈ ವರ್ಕ್‌ಶಾಪಿನ ನಿಯಮ, ಮಾಡಿದವನು ಅಪ್ಪ, ಶೆಡ್ಡಿಗೆ ಬೆಂಕಿ ಬಿದ್ರೂ ಅಷ್ಟೇ, ಮೊದಲು ಹಲ್ಲು ಮುಗೀಲಿ, ಆಮೇಲೆ ಓಡೋಣ ಎನ್ನುತ್ತಿದ್ದವನು, ಅಮ್ಮ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ನಿಂತು ಕಾಲು ಬದಲಾಯಿಸುತ್ತಿದ್ದಳು, ಪಾಪ, ಇವರ ಹಲ್ಲು ಮುಗಿಯೋದ್ರೊಳಗೆ ನನ್ನ ಹಲ್ಲು ಉದುರುತ್ತೆ ಎಂದು ಗೊಣಗುತ್ತಿದ್ದಳು, ಅದೂ ಪಿಸುಮಾತಿನಲ್ಲಿ. ಉಸಿರಿನ ಉಪಾಯವೂ ಅಪ್ಪನದೇ. ತಲೆ ಎಲ್ಲಿಗಾದ್ರೂ ಹೋಗ್ಲಿ, ಮೊದಲನೇ ಸಲ ತಿರುಗಿಸಿದಾಗ ಉಸಿರು ಒಳಗೆ ಹಿಡ್ಕೋ, ಎರಡನೇದು ಆದಮೇಲೆ ಬಿಡು, ಉಸಿರು ಯಾವತ್ತೂ ಸುಳ್ಳು ಹೇಳಲ್ಲ.

ತಲೆ ಎಲ್ಲಿಗಾದರೂ ಹೋಗುತ್ತದೆ, ಹೋಗುತ್ತಲೇ ಇದೆ, ಬೆಳಗ್ಗೆ ಪ್ರಿಂಟಿಂಗ್ ಪ್ರೆಸ್ಸಿನವರು ಮುರಿದ ಗಿಯರನ್ನು ಚೀಲದಲ್ಲಿ ತಂದು ಬೆಂಚಿನ ಮೇಲೆ ಸುರಿದದ್ದು, ಚೂರುಗಳನ್ನು ಜೋಡಿಸಿ ನಾನೂ ಅಣ್ಣನೂ ಹಲ್ಲು ಎಣಿಸಿದ್ದು, ತೊಂಬತ್ತೊಂದು, ಅಣ್ಣ ಅಪ್ಪನ ಕಡೆ ತಿರುಗಿ ಆಗುತ್ತಾ ಎಂದದ್ದು, ಅಪ್ಪ ಒಂದು ಕ್ಷಣವೂ ತಡೆಯದೆ, ತೊಂಬತ್ತೊಂದು ಒಂಟಿ ಸಂಖ್ಯೆ, ಯಾವುದಕ್ಕೂ ಒಡೆಯಲ್ಲ, ನಮ್ಮ ಪ್ಲೇಟಲ್ಲಿ ಆಗಲ್ಲ ಕಳಿಸ್ಬಿಡು ಎಂದದ್ದು. ನನ್ನ ಕೈಯಲ್ಲಿದ್ದ ಚೂರು ಹಾಗೇ ಉಳಿಯಿತು. ಒಡೆಯಲ್ಲವಾ. ನಾನು ತೆಪ್ಪಗಿರಬೇಕಿತ್ತು, ಹೌದಪ್ಪ ಎಂದು ತಲೆಯಾಡಿಸಿದ್ದರೆ ಚೀಲ ಬಂದ ದಾರಿಯಲ್ಲೇ ಹೋಗುತ್ತಿತ್ತು, ಆದರೆ ಪ್ರೆಸ್ಸಿನವರ ಮುಖ ಬಾಡಿತು, ಮಷೀನು ನಿಂತಿದೆ ಅಮ್ಮಾ ಎಂದರು, ನನ್ನ ಬಾಯಿ ನನ್ನನ್ನು ಕೇಳದೆ ನಾನು ಮಾಡ್ತೀನಿ ಎಂದುಬಿಟ್ಟಿತು. ಅಣ್ಣ ನೋಡಿದ ನೋಟ. ಅಪ್ಪನೇ ಆಗಲ್ಲ ಅಂದಮೇಲೆ ನೀನು ಹೇಗೆ ಮಾಡ್ತೀಯಾ. ನೋಡೋಣ ಅಂದೆ. ಇರೋದು ಒಂದೇ ಕಂಚಿನ ಬಿಲ್ಲೆ, ಹಾಳು ಮಾಡಿದ್ರೆ ಇನ್ನೊಂದಿಲ್ಲ ಅಂದ. ಎಣಿಸು, ಹತ್ತು, ಹನ್ನೊಂದು. ಅಣ್ಣನಿಗೆ ಲೆಕ್ಕ ಬರುವುದಿಲ್ಲ, ಬೇಕಾಗಿಯೂ ಇಲ್ಲ, ಅವನದು ಮುಂದಿನ ಕೋಣೆ, ಫೋನು, ಗಿರಾಕಿಗಳು, ಅವನಿಗೆ ಅಪ್ಪನ ಬಾಯಿಂದ ಬಂದ ಸಂಖ್ಯೆ ಬಂಡೆಯ ಮೇಲೆ ಬರೆದ ಹಾಗೆ. ಹದಿನಾಲ್ಕು, ಉಸಿರು ಒಳಗೆ. ಮೊನ್ನೆ ಅಪ್ಪ ಲೇತಿನಲ್ಲಿ ತುಂಡನ್ನು ಕಚ್ಚಿ ತಿರುಗುವ ಚಕ್ಕಿಗೆ ಕಬ್ಬಿಣ ಬಿಗಿದು, ಬಿಗಿಯುವ ಕೀಲಿಯನ್ನು ಅದರಲ್ಲೇ ಮರೆತು ಸ್ವಿಚ್ ಒತ್ತಿದ, ಸೇರು ತೂಕದ ಕೀಲಿ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಕಿಟಕಿಯ ಗಾಜು ಪುಡಿಮಾಡಿತು, ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಣ್ಣ ಓಡಿಬಂದು ಕೀಲಿ ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಕೈ ಮರೆತರೆ ಮರೀಲಿ, ವಯಸ್ಸಾಯ್ತು, ಆದ್ರೆ ತಲೆಯಲ್ಲಿರೋ ಲೆಕ್ಕ ಗಟ್ಟಿಯಿರೋವರೆಗೂ ಅಪ್ಪ ಇಲ್ಲಿಗೆ ಬರಲಿ, ಲೆಕ್ಕ ತಪ್ಪಿದ ದಿನ ಮನೇಲಿ ಕೂರಿಸ್ತೀನಿ, ನೀನು ಅಡ್ಡ ಬರಬಾರದು ಎಂದ. ನಾನು ಹೂಂ ಎಂದೆ. ಆರು, ಬಿಡು. ಈಗ ನೋಡು, ಈ ಗಿಯರು ಸರಿ ಬಂದರೆ ಅಪ್ಪ ತಪ್ಪಿದ ಎಂದು ಅಣ್ಣನಿಗೆ ತಿಳಿಯುತ್ತದೆ, ಕೆಟ್ಟರೆ ಅಪ್ಪ ಹೇಳಿದ್ದೇ ನಿಜ, ನಾನೊಬ್ಬಳು ಅಧಿಕಪ್ರಸಂಗಿ, ಅಷ್ಟಕ್ಕೇ ಮುಗಿಯುತ್ತದೆ. ಒಂದು ತೂತು ತಪ್ಪಿಸಿದರೆ ಸಾಕು. ಒಂದೇ ಒಂದು. ಆದರೆ ಈ ಹಾಳು ಕೈ ತಪ್ಪುವುದಿಲ್ಲ, ತಪ್ಪದಂತೆ ಇದನ್ನು ತಿದ್ದಿದವನೇ ಅವನು.

ತೊಂಬತ್ತೊಂದು ಒಡೆಯುತ್ತದೆ, ಯಾರಿಗೆ ಗೊತ್ತಿಲ್ಲದಿದ್ದರೂ ಅಪ್ಪನಿಗೆ ಗೊತ್ತಿರಬೇಕಿತ್ತು. ಶಾಲೆಯಲ್ಲಿ ಅದಕ್ಕೆ ಅಪವರ್ತನ ಎನ್ನುತ್ತಿದ್ದರು, ಮನೆಯಲ್ಲಿ ಒಡೆಯುವ ಆಟ, ಬಸ್ಸಿನ ಟಿಕೆಟ್ಟಿನ ನಂಬರು, ಎದುರು ಮನೆಯ ಗೇಟಿನ ನಂಬರು, ಏನು ಕಂಡರೂ ಒಡಿ ನೋಡೋಣ, ನಾನು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಒಡೆಯುತ್ತಿದ್ದೆ, ಸೀಮೆಸುಣ್ಣದಲ್ಲಿ ಲೇತಿನ ಹೊಟ್ಟೆಯ ಮೇಲೆ ಗೀಚುತ್ತ. ತೊಂಬತ್ತೊಂದಕ್ಕೆ ಬಂದಾಗ ಎರಡರಿಂದ ಹೋಗಲ್ಲ ಅಂದೆ, ಕೊನೇಲಿ ಒಂದಿದೆ. ಸರಿ. ಮೂರರಿಂದ ಹೋಗಲ್ಲ, ಒಂಬತ್ತು ಒಂದು ಕೂಡಿದ್ರೆ ಹತ್ತು. ಸರಿ. ಐದರಿಂದಲೂ ಇಲ್ಲ, ಇದು ಒಂಟಿ ಅಪ್ಪ. ಅಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ತಲೆಗೆ ಮೆಲ್ಲಗೆ ಕುಟ್ಟಿದ. ಅಲ್ಲೇ ಸೋಮಾರಿಗಳೆಲ್ಲ ಬೀಳೋದು, ಐದರವರೆಗೆ ಹೋಗಿ ಸುಸ್ತಾಗ್ತಾರೆ, ಏಳನ್ನ ಕೇಳಿದ್ಯಾ, ಎಪ್ಪತ್ತು ತೆಗೆದುಬಿಡು, ಉಳಿದದ್ದೇನು, ಇಪ್ಪತ್ತೊಂದು, ಅದು ಯಾರ ಮನೇದು, ಏಳರ ಮನೇದೇ, ಹತ್ತು ಮತ್ತೆ ಮೂರು, ಏಳು ಹದಿಮೂರಲೆ ತೊಂಬತ್ತೊಂದು. ಮತ್ತೆ ನಕ್ಕು, ಹತ್ತರೊಳಗೆ ಹುಡುಕಿ ಸಿಗದಿದ್ರೆ ಮಾತ್ರ ಒಂಟಿ ಅನ್ನು, ಹತ್ತು ಹತ್ತಲೆ ನೂರಾಗುತ್ತೆ, ಅದರಾಚೆ ಹುಡುಕೋದು ದಂಡ ಎಂದ. ಅವತ್ತಿನಿಂದ ನನ್ನ ಹೆಸರೇ ಹೋಯಿತು, ನಾನು ಮುನಿಸಿಕೊಂಡು ತುಟಿ ಬಿಗಿದು ನಿಂತರೆ, ನೋಡಿ ನೋಡಿ, ತೊಂಬತ್ತೊಂದು ನಿಂತಿದೆ, ಒಡೆಯಲ್ಲ ಅನ್ನೋ ಹಾಗೆ ನಿಂತಿದೆ, ಒಳಗೆ ಏಳೂ ಇದೆ ಹದಿಮೂರೂ ಇದೆ, ಸ್ವಲ್ಪ ತಾಳಿ, ನಗುತ್ತೆ. ನಗುತ್ತಿದ್ದೆ. ಎಣಿಸು. ಈ ಹಿಡಿಕೆ ನಲವತ್ತು ಸುತ್ತು ತಿರುಗಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ, ನಲವತ್ತನ್ನು ತೊಂಬತ್ತೊಂದು ಪಾಲು ಮಾಡಬೇಕು, ತೊಂಬತ್ತೊಂದು ತೂತಿನ ಉಂಗುರ ನಮ್ಮ ಪ್ಲೇಟಿನಲ್ಲಿಲ್ಲ, ಆದರೆ ನಲವತ್ತೊಂಬತ್ತು ತೂತಿನ ಉಂಗುರ ಇದೆ, ಅದರ ಹೊಟ್ಟೆಯಲ್ಲಿ ಏಳು, ಮೂವತ್ತೊಂಬತ್ತು ತೂತಿನದು ಇದೆ, ಅದರ ಹೊಟ್ಟೆಯಲ್ಲಿ ಹದಿಮೂರು, ಮೊದಲನೇದರಲ್ಲಿ ಹದಿನಾಲ್ಕು ತೂತು, ಎರಡನೇದರಲ್ಲಿ ಆರು, ಎರಡೂ ಸೇರಿದರೆ ಒಂದು ಹಲ್ಲಿನ ಪಾಲು ಕೂದಲಿನಷ್ಟೂ ತಪ್ಪದೆ ಬರುತ್ತದೆ. ಇದನ್ನೂ ಅವನೇ ತೋರಿಸಿದ್ದು, ಇದೇ ಸ್ಟೂಲಿನ ಮೇಲೆ ಕೂರಿಸಿ, ನನ್ನ ಕೈಯ ಮೇಲೆ ಅವನ ಎಣ್ಣೆಗೈ ಇಟ್ಟು.

ದೀಪದ ಬೆಳಕು ಜಾರಿತು. ಕೆಂಪು ಬಟ್ಟೆ ಇಲ್ಲ. ಅಪ್ಪ ಅದನ್ನು ದೀಪದಿಂದ ಎಳೆದುಕೊಂಡು ಕೈ ಒರೆಸಿಕೊಳ್ಳುತ್ತಿದ್ದಾನೆ, ಬೆರಳು ಬೆರಳಿನ ಸಂದಿಯನ್ನೂ, ಸಾವಧಾನವಾಗಿ, ಏನೂ ಆಗಿಲ್ಲವೆಂಬಂತೆ, ಅದು ಯಾವುದಕ್ಕೆ ಅಲ್ಲಿತ್ತು ಎಂಬುದೇ ಗೊತ್ತಿಲ್ಲದವನಂತೆ. ಈ ಶೆಡ್ಡಿನಲ್ಲಿ ಆ ಬಟ್ಟೆಯನ್ನು ಪ್ಲೇಟಿನ ಮುಂದೆ ಕೂತವರಲ್ಲದೆ ಬೇರೆಯವರು ಮುಟ್ಟಿದ್ದು ನಾನು ಕಂಡಿಲ್ಲ. ಏನು ಮಾಡ್ತಿದೀಯಾ ಮಗಳೇ ಎಂದ. ಎಣಿಸ್ತಿದೀನಿ ಅಪ್ಪ, ಸ್ವಲ್ಪ ಇರು. ಎಷ್ಟು ಹಲ್ಲು. ತೊಂಬತ್ತೊಂದು. ಅಯ್ಯೋ, ಅದು ಒಂಟಿ ಅಲ್ವಾ, ಆಗಲ್ಲ ಬಿಡು, ಕಳಿಸ್ಬಿಡು. ಅದೇ ಮಾತು, ಅದೇ ದನಿ, ಬೆಳಗ್ಗೆ ಹೇಳಿದ್ದು ನೆನಪೇ ಇಲ್ಲ. ಹೋಗಿ ಕೂತ್ಕೋ ಅಪ್ಪ. ಹೋದ. ನಾನು ಹಿಡಿಕೆ ಹಿಡಿದು ಕೂತಿದ್ದೇನೆ, ಹದಿನಾಲ್ಕು ಆಗಿತ್ತು, ಅದು ಗೊತ್ತು, ಆರು ಆಯಿತಾ. ಆಯಿತಾ ಇಲ್ಲವಾ. ಉಸಿರು ಹೊರಗಿದೆ, ಉಸಿರು ಹೊರಗಿದ್ದರೆ ಆಯಿತೆಂದೇ ಅರ್ಥ, ಆದರೆ ನಾನು ಮಾತಾಡಿದೆ, ಮಾತಿನ ಜೊತೆ ಉಸಿರು ಹೋಯಿತು, ಅದು ಆರರ ಉಸಿರೋ ಅಪ್ಪನಿಗೆ ಕೊಟ್ಟ ಉತ್ತರದ ಉಸಿರೋ. ತೂತುಗಳೆಲ್ಲ ಒಂದೇ ಥರ ನನ್ನನ್ನು ನೋಡುತ್ತಿವೆ. ಇಲ್ಲೇ ಬಿಟ್ಟುಬಿಡು, ಇದೇ ನಿನಗೆ ಬೇಕಿದ್ದ ತಪ್ಪು, ಕೈಯಾರೆ ಮಾಡಬೇಕಾಗಿಲ್ಲ, ತಾನಾಗಿ ಬಂದಿದೆ, ಈ ಹಲ್ಲು ಬ್ಲೇಡಿನ ಹಾಗೆ ಸಣ್ಣಗೆ ಬರುತ್ತದೆ, ಅಣ್ಣ ಬೈಯುತ್ತಾನೆ, ಅಪ್ಪ ನಾಳೆಯೂ ಇಲ್ಲಿ ಬಂದು ಕೂರುತ್ತಾನೆ. ಪ್ಲೇಟಿನ ಹಿಂದೆ ಬೆರಳಿಟ್ಟೆ. ಹಿಂದಿನ ಪಿನ್ನಿನ ಮೇಲೆ ಪ್ರತಿ ಹಲ್ಲಿಗೂ ಮುಂಚೆ ಹಚ್ಚುವ ಎಣ್ಣೆಯ ಪೊರೆ ಮುರಿಯದೆ ಕೂತಿದೆ, ಬಿಡಿಸಿದ್ದರೆ ಅದು ಬೆರಳಿಗೆ ಹತ್ತಿರುತ್ತಿತ್ತು, ಹಾಗಾದರೆ ಆರು ಆಗಿಲ್ಲ. ಯಾಕೆ ಬೆರಳಿಟ್ಟೆ, ಯಾರು ಇಡು ಅಂದರು. ಒಂದು, ಎರಡು, ಮೂರು, ಕೈ ಸುಮ್ಮನೆ ತಿರುಗಿಸುತ್ತಿದೆ, ಆರು, ಬಿತ್ತು. ಕಟ್ಟರ್ ಬಿಟ್ಟೆ.

ಇನ್ನು ಸ್ವಲ್ಪವೇ ಉಳಿದಿದೆ, ಮೊದಲು ಕೊರೆದ ಸಂದು ಸುತ್ತಿ ಬಂದು ಕಟ್ಟರಿನ ಕೆಳಗೆ ಇಣುಕುತ್ತಿದೆ, ಏಳು ಹದಿಮೂರಲೆ ತೊಂಬತ್ತೊಂದು ಆಗದೆ ಇರಲಿ, ಇವತ್ತೊಂದು ದಿನ ತೊಂಬತ್ತೆರಡಾಗಲಿ, ತೊಂಬತ್ತಾಗಲಿ, ಅಪ್ಪ ಹೇಳಿದ ಹಾಗೆ ಒಂಟಿಯಾಗಲಿ, ಲೆಕ್ಕಕ್ಕೆ ಏನು ಹೋಗುತ್ತದೆ, ಇಷ್ಟು ದೊಡ್ಡ ಲೆಕ್ಕ, ಒಬ್ಬ ಮುದುಕನಿಗೋಸ್ಕರ ಒಂದು ಸಲ ಬಗ್ಗಲಿ. ಆರು, ಉಸಿರು ಹೊರಗೆ. ಕೊನೆಯ ಸಂದು. ಕಂಚು ಕಿರುಚಿ ಸುಮ್ಮನಾಯಿತು. ಮಷೀನು ನಿಲ್ಲಿಸಿದೆ. ಕೊನೆಯ ಹಲ್ಲು ಮೊದಲ ಹಲ್ಲಿನ ಪಕ್ಕದಲ್ಲಿ ನಿಂತಿದೆ, ಅಷ್ಟೇ ದಪ್ಪ, ಅಷ್ಟೇ ಎತ್ತರ, ಯಾವುದು ಮೊದಲು ಯಾವುದು ಕೊನೆ ಎಂದು ನನಗೇ ಹೇಳಲಾಗುವುದಿಲ್ಲ. ನನ್ನ ಜೀವನದಲ್ಲಿ ಇಷ್ಟು ಚೆನ್ನಾದ ಕೆಲಸ ಮಾಡಿಲ್ಲ, ಅಳು ಬರುತ್ತಿದೆ. ಅಪ್ಪ ಬಂದ, ಕೆಂಪು ಬಟ್ಟೆ ಹೆಗಲ ಮೇಲಿದೆ, ಹೆಬ್ಬೆರಳಿನ ಉಗುರನ್ನು ಸಂದಿಗೆ ಇಳಿಸಿ ಸುತ್ತಲೂ ಟಕಟಕ ಓಡಿಸಿದ, ಅವನ ಮುಖ ಅರಳಿತು, ಆ ಉಗುರಿಗೆ ಎಲ್ಲ ನೆನಪಿದೆ. ಭೇಷ್, ತೊಂಬತ್ತೊಂದು ಎಂದ, ನನ್ನನ್ನು, ಗಿಯರನ್ನಲ್ಲ. ನನಗೆ ಆ ಹೆಸರು ಯಾಕಪ್ಪ ಇಟ್ಟೆ ಎಂದು ಕೇಳಿದೆ, ಕೇಳಬಾರದಿತ್ತು, ದನಿ ಒಡೆಯಿತು. ಅವನು ಯೋಚಿಸಲೇ ಇಲ್ಲ. ನಿನ್ನನ್ನ ಯಾರೂ ಒಡೆಯೋಕಾಗಲ್ಲ ಅಂತ.

ಬಾಗಿಲಲ್ಲಿ ಅಣ್ಣ, ಹಿಂದೆ ಪ್ರೆಸ್ಸಿನವರು, ಆಗೋಯ್ತಾ ಎನ್ನುತ್ತ, ಅಣ್ಣ ಗಿಯರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾನೆ, ಪ್ರೆಸ್ಸಿನವರು ಕೈ ಮುಗಿಯುವ ಹಾಗೆ ಗಿಯರನ್ನು ಎದೆಗೆ ಅಪ್ಪಿಕೊಂಡು ಹೋಗುತ್ತಾರೆ, ಆಮೇಲೆ ಅಣ್ಣ ನನ್ನ ಕಡೆ ತಿರುಗಿ ದನಿ ತಗ್ಗಿಸಿ, ಅಪ್ಪ ಆಗಲ್ಲ ಅಂದಿದ್ದನಲ್ಲ, ಹೇಗೆ ಮಾಡ್ದೆ ಎಂದ. ಅವನ ಕಣ್ಣಿನಲ್ಲಿ ಸಿಟ್ಟಿಲ್ಲ, ಹೆದರಿಕೆ ಇದೆ, ಅವನೂ ಅಪ್ಪನ ಲೆಕ್ಕ ತಪ್ಪಿಲ್ಲ ಅನ್ನಿಸಿಕೊಳ್ಳಲೆಂದೇ ಕೇಳುತ್ತಿದ್ದಾನೆ. ಅಪ್ಪನೇ ಹೇಳಿಕೊಟ್ಟಿದ್ದು ಎಂದೆ. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅಣ್ಣನ ಭುಜ ಸಡಿಲಾಯಿತು. ಅದೇ ಅಂದ್ಕೊಂಡೆ, ಬೆಳಗ್ಗೆ ನಮ್ಮನ್ನ ಆಟ ಆಡಿಸಿದಾನೆ ಮುದುಕ, ನಕ್ಕ, ಜೇಬಿನಿಂದ ಚಕ್ಕಿನ ಕೀಲಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟ, ತಗೋ ಅಪ್ಪ, ನಿನ್ನ ಆಸ್ತಿ, ಫೋನು ಬಡಿದುಕೊಂಡಿತು, ಹೋದ. ನಾನು ಕಟ್ಟರ್ ಬಿಚ್ಚುತ್ತಿದ್ದೇನೆ, ಅಪ್ಪನನ್ನು ಉಳಿಸಿದೆ, ನಾಳೆಯೂ ಬರುತ್ತಾನೆ, ಸ್ಟೂಲಿನ ಮೇಲೆ ಕೂರುತ್ತಾನೆ, ನನ್ನನ್ನು ಆ ಹೆಸರಿನಿಂದ ಕರೆಯುತ್ತಾನೆ, ಮೂಲೆಯಲ್ಲಿ ಲೇತಿನ ಬಳಿ ಅಪ್ಪ ಚಕ್ಕಿಗೆ ಕಬ್ಬಿಣ ಇಟ್ಟು ಕೀಲಿ ತಿರುಗಿಸುತ್ತಿದ್ದಾನೆ, ಬಿಗಿಯಾಯಿತು, ಕೈಗೆ ಎಣ್ಣೆ, ಒರೆಸಿಕೊಳ್ಳುತ್ತಿದ್ದಾನೆ, ಬೆರಳು ಬೆರಳಿನ ಸಂದಿಯನ್ನೂ, ಒರೆಸಿದ ಬಟ್ಟೆಯನ್ನು ಎಲ್ಲಿ ಹಾಕಲಿ ಎಂದು ಸುತ್ತ ನೋಡುತ್ತಾನೆ, ಎದುರಿಗೇ ಒಂದು ಗೂಟ ಸಿಕ್ಕಿತು, ಹಾಕಿದ, ಅದು ಗೂಟವಲ್ಲ, ಕೀಲಿ, ಕೀಲಿ ಚಕ್ಕಿನಲ್ಲೇ ಇದೆ, ಅದರ ಮೇಲೆ ಕೆಂಪು ಬಟ್ಟೆ, ಕೆಂಪು ಬಟ್ಟೆ ಕಂಡರೆ ಮಾತಾಡಬಾರದು, ಅಪ್ಪನ ಹೆಬ್ಬೆರಳು ಲೇತಿನ ಸ್ವಿಚ್ಚಿನ ಹಸಿರು ಗುಂಡಿಯ ಕಡೆ, ನನ್ನ ಉಸಿರು ಒಳಗೆ, ಒಳಗೇ, ಕೆಂಪು ಬಟ್ಟೆ, ಅಲ್ಲಾಡದೆ ನಿಂತಿದೆ, ಕೆಂಪು ಬಟ್ಟೆ