ಏಪ್ರಿಲ್ ಚಳಿಯಲ್ಲಿ ಒಂಬತ್ತನೇ ಸ್ಥಾನ

ಮಾರ್ಟಾ ಝುಪಾನ್ ಊರ ತಂಡಕ್ಕೆ ಒಂಬತ್ತನೇ ಸ್ಥಾನ ಕೊಟ್ಟ ಸೋಮವಾರ ಕ್ಲೀವ್‌ಲ್ಯಾಂಡಿನಲ್ಲಿ ನಗದವರೇ ಇರಲಿಲ್ಲ. ಮೂವತ್ತು ಬೇಸ್‌ಬಾಲ್ ತಂಡಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ವಾರವಾರ ಪತ್ರಿಕೆಯಲ್ಲಿ ಬರೆಯುವುದು ಅವಳಿಗೆ ಹೊಸದಾಗಿ ಸಿಕ್ಕ ಕೆಲಸ. ಪಂದ್ಯಗಳು ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಊರ ತಂಡ ಸೋತು ಸುಣ್ಣವಾಗಿತ್ತು. ಅದಕ್ಕಿಂತ ಹೆಚ್ಚು ಸೋತವರನ್ನು ಹುಡುಕಬೇಕಿತ್ತು.

ಕ್ರೀಡಾ ಪುಟದ ಸಂಪಾದಕ ವಾಲ್ಟ್ ಪ್ರೆಂಟಿಸ್ ಅವಳ ಮೇಜಿನ ಮುಂದೆ ಬಂದು ನಿಂತ.

"ತಲೆ ನೆಟ್ಟಗಿದೆಯೇನಮ್ಮಾ? ಓದೋರು ಬೆಳಿಗ್ಗೆಯಿಂದ ಫೋನ್ ಮಾಡಿ ಉಗೀತಿದ್ದಾರೆ."

"ಅವರು ಆಡಿದ್ದೆಲ್ಲ ಕೊರೆಯೋ ಚಳೀಲಿ, ವಾಲ್ಟ್. ಊರ ಪಕ್ಕದ ಸರೋವರದ ಗಾಳಿ ಎದುರಿಗೆ ಬೀಸ್ತಿದ್ರೆ ಚೆಂಡು ಎಲ್ಲಿಂದ ಹಾರುತ್ತೆ? ಒಳ್ಳೊಳ್ಳೆ ಹೊಡೆತ ಎಲ್ಲ ಮೈದಾನದಂಚಿನ ಬೇಲಿ ಹತ್ರ ಹೋಗಿ ಕ್ಯಾಚ್ ಆಗ್ತಿವೆ. ಸ್ವಲ್ಪ ಬಿಸಿಲು ಬರ್ಲಿ, ಅವೇ ಬೇಲಿ ದಾಟ್ತವೆ, ನೋಡ್ತಿರಿ."

"ಈ ಊರಲ್ಲಿ ಪ್ರತಿ ಏಪ್ರಿಲ್ಲೂ ಯಾರೋ ಒಬ್ರು ಹೀಗೇ ಹೇಳ್ತಾರೆ. ತಲೆ ತುಂಬ ಕೂದ್ಲಿದ್ದಾಗ ನಾನೂ ಹೇಳ್ತಿದ್ದೆ. ಭಾನುವಾರ ಸೆಕೆ ಇರುತ್ತಂತೆ, ನಾನೇ ಬಂದು ನೋಡ್ತೀನಿ. ಅವತ್ತೂ ಹಾರ್ಲಿಲ್ಲ ಅಂದ್ರೆ ನಿನ್ನ ಅಂಕಣಾನ ಗೆಲುವು ಸೋಲು ಎಣಿಸಿ ಕಂಪ್ಯೂಟರೇ ಬರ್ಕೊಳ್ಳುತ್ತೆ."

ವರ್ಷಗಟ್ಟಲೆ ಶಾಲಾ ಮೈದಾನಗಳಲ್ಲಿ ನಡುಗುತ್ತಾ ನಿಂತು, ಹುಡುಗರ ಪಂದ್ಯ ಬರೆದೂ ಬರೆದೂ ಈ ಅಂಕಣ ದಕ್ಕಿಸಿಕೊಂಡವಳು ಮಾರ್ಟಾ. ಊರ ತಂಡ ಇಪ್ಪತ್ತೈದನೆಯದು ಎಂದು ತಿದ್ದಿಬಿಟ್ಟರೆ ಎಲ್ಲರೂ ತೆಪ್ಪಗಾಗುತ್ತಿದ್ದರು. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲು ಅವಳಿಗೆ ಮನಸ್ಸು ಬರಲಿಲ್ಲ.

ಭಾನುವಾರ ನಿಜಕ್ಕೂ ಬಿಸಿಲು ಬಂತು. ಜನ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತರು. ಮೇಲೆ ವರದಿಗಾರರ ಸಾಲಿನಲ್ಲಿ ಮಾತ್ರ ಎಂದಿನ ಬಿಗುವು. ಅಲ್ಲಿ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ತಟ್ಟಿದವರನ್ನು ಪ್ರಾರ್ಥನೆಯ ನಡುವೆ ತೇಗಿದವರಂತೆ ನೋಡುತ್ತಾರೆ. ಎದುರಾಳಿಗಳು ಮೊದಲಿಗೇ ಐದು ರನ್ ಬಾರಿಸಿದರು; ಬೇಸ್‌ಬಾಲಿನಲ್ಲಿ ಅದು ದೊಡ್ಡ ಮೊತ್ತ. ವಾಲ್ಟ್ ಗಡಿಯಾರ ನೋಡಿಕೊಂಡ.

ಆಮೇಲೆ ಊರ ತಂಡದ ಡೆಲ್ಗಾಡೊ ಒಂದು ಚೆಂಡನ್ನು ಎತ್ತಿ ಹೊಡೆದ. ಎದುರಾಳಿ ಹುಡುಗ ಹಿಂದೆ ಹಿಂದೆ ಸರಿದು ಬೇಲಿಗೆ ಬೆನ್ನು ಹಚ್ಚಿ ಕೈಗವಸು ಚಾಚಿದ. ತಿಂಗಳಿಡೀ ಆದದ್ದೇ ಈಗಲೂ ಆಗುತ್ತದೆ ಎಂದುಕೊಂಡಳು ಮಾರ್ಟಾ. ಚೆಂಡು ಅವನ ತಲೆಯ ಮೇಲಿಂದ ಹೋಗಿ ಜನರ ನಡುವೆ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಹಾರಿತು, ಮತ್ತೊಂದೂ ಹಾರಿತು. ಅವಳಿಗೆ ಕಣ್ತುಂಬಿ ಬಂತು. ಚಪ್ಪಾಳೆ ತಟ್ಟುವಂತಿಲ್ಲವಲ್ಲ, ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು.

ಆದರೂ ಊರ ತಂಡ ಸೋತಿತು, ಒಂದೇ ಒಂದು ರನ್ನಿನಿಂದ. ಚೆಂಡೆಸೆಯುವವರು ಕೊನೆಗೆ ಕೈಕೊಟ್ಟರು.

ವಾಲ್ಟ್ ಮುಂದೆ, ಮಾರ್ಟಾ ಹಿಂದೆ ಮೆಟ್ಟಿಲಿಳಿದರು. ಬಾಗಿಲ ಹತ್ತಿರ ಅವನು ಕೆಮ್ಮಿದ.

"ನಾಳೆ ಅಂಕಣದಲ್ಲಿ ನಮ್ಮೋರನ್ನ ಎಷ್ಟಕ್ಕೆ ಹಾಕ್ತೀಯ?"

ನಾಳೆಗೂ ಅಂಕಣ ಇದೆ, ಅವಳದೇ! ಕುಣಿಯುವಷ್ಟು ಖುಷಿಯಾಯಿತು. ಅದನ್ನು ತೋರಗೊಡದೆ ಒಂದು ಗಳಿಗೆ ಲೆಕ್ಕ ಹಾಕಿದಳು.

"ಹತ್ತಕ್ಕೆ," ಅಂದಳು. "ಎಸೆಯೋರು ಇಷ್ಟು ಪೊಳ್ಳು ಅಂತ ಗೊತ್ತಿರ್ಲಿಲ್ಲ."

ವಾಲ್ಟ್ ನಿಂತಲ್ಲೇ ನಿಂತ.

"ಹತ್ತಾ?" ಅವನ ಕೂಗಿಗೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. "ಆ ಹೊಡೆತ ನೋಡಿದ್ಮೇಲೂ ಹತ್ತಾ? ಎಂಟಾದ್ರೂ ಕೊಡು ಮಾರಾಯ್ತಿ!"