ಎಡಗಡೆ ಮಂಕು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನನಗೂ ಕಥೆಯೊಳಗಿನ ಹುಡುಗಿಗೂ ಒಮ್ಮತವಿಲ್ಲ. ಅಂಗಡಿಯಿಂದ ಶುರು ಮಾಡು ಅನ್ನುತ್ತಾಳೆ ಅವಳು. ಅಂಗಡಿಯಿಂದ ಶುರುವಾದರೆ ನಿಮಗೆ ಅಂಗಡಿಯವರ ಮೇಲೆ ಅನುಮಾನ ಬರುತ್ತದೆ. ಅದು ಅವಳಿಗೆ ಅನುಕೂಲ. ಕಿವಿಯಿಂದ ಶುರು ಮಾಡೋಣ ಎಂದೆ ನಾನು. "ಕಿವಿ ವಿಷಯ ಈಗ ಯಾರು ಎತ್ತಿದ್ರು?" ಎಂದು ಮುಖ ತಿರುಗಿಸಿಕೊಂಡು ಕೂತಿದ್ದಾಳೆ.

ಇರಲಿ. ಓದುಗರನ್ನು ಕೊನೆಯವರೆಗೂ ಸತಾಯಿಸುವಷ್ಟು ಧೈರ್ಯ ನನಗಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಒಬ್ಬ ಹುಡುಗಿಗೆ ಇಯರ್‌ಫೋನಿನಲ್ಲಿ ಎಡಗಡೆ ಮಂಕಾಗಿ ಕೇಳಿಸುತ್ತಿದೆ. ತಪ್ಪು ಕೇಬಲ್ಲಿನದೋ, ಕಿವಿಯದೋ? ಕೇಬಲ್ಲಿನದಾದರೆ ಬದಲಾಯಿಸಬಹುದು.

(ಇಲ್ಲಿ ಇನ್ನೊಂದು ವಾಕ್ಯವಿತ್ತು. ಅಳಿಸಿದ್ದೇನೆ. ನೀವು ಆಗಲೇ ಊಹಿಸಿಕೊಂಡಿದ್ದೀರಿ ಎಂಬ ಅನುಮಾನ ನನಗಿದೆ.)

೨

ಅವಳ ಕೆಲಸ ಕೇಳಿ ಬರೆಯುವುದು. ಯಾರೋ ಎಲ್ಲೋ ಸಭೆಯಲ್ಲಿ, ಸಂದರ್ಶನದಲ್ಲಿ, ವಿಚಾರಣೆಯಲ್ಲಿ ಮಾತಾಡಿದ್ದು ಧ್ವನಿಯ ಫೈಲಾಗಿ ಬರುತ್ತದೆ. ಅವಳು ಅದನ್ನು ಅಕ್ಷರಕ್ಕಿಳಿಸುತ್ತಾಳೆ. ಉದ್ದನೆಯ ಕೋಣೆ, ಹನ್ನೊಂದು ಮೇಜು, ಪ್ರತಿ ಮೇಜಿನ ಕೆಳಗೆ ಒಂದು ಪೆಡಲು. ಒತ್ತಿದರೆ ಮಾತು ಐದು ಸೆಕೆಂಡು ಹಿಂದೆ ಹೋಗುತ್ತದೆ. ಹನ್ನೊಂದು ಜನರೂ ಬೆಳಗಿನಿಂದ ಸಂಜೆವರೆಗೆ ಒಬ್ಬರಿಗೊಬ್ಬರು ತುಟಿ ಪಿಟಕ್ಕೆನ್ನುವುದಿಲ್ಲ. ಡಿಗ್ರಿ ಮುಗಿಸಿದವಳು, ಬಾಯಿ ಬಿಡದೆ ಸಂಬಳ ಸಿಗುವ ಕೆಲಸ ಯಾವುದಿದೆ ಎಂದು ಹುಡುಕಿ ಹುಡುಕಿ ಹಿಡಿದದ್ದು ಇದನ್ನು.

ಕೇಳಿಸದ ಕಡೆ ಚೌಕಾವರಣ ಹಾಕಿ ಹೊತ್ತು ನಮೂದಿಸಬೇಕು, ಹೀಗೆ: [ಅಸ್ಪಷ್ಟ ೧೪:೦೬]. ಫೈಲಿಗೆ ಹತ್ತು ಅಸ್ಪಷ್ಟ ದಾಟಿದರೆ ಸಾಫ್ಟ್‌ವೇರು ಅದನ್ನು ವಾಪಸು ಕಳಿಸುತ್ತದೆ. ಆದರೆ ಆವರಣ ತೆರೆದು ಮುಚ್ಚದೇ ಬಿಟ್ಟರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಈ ಗುಟ್ಟು ಅವಳಿಗೆ ಗೊತ್ತಾಗಿ ಐದು ತಿಂಗಳಾಯಿತು. ಐದು ತಿಂಗಳಿಂದ ಅವಳ ಫೈಲುಗಳಲ್ಲಿ ಆವರಣಗಳು ಬಾಯಿ ತೆರೆದುಕೊಂಡೇ ಬಿದ್ದಿವೆ.

ಸಾಫ್ಟ್‌ವೇರಿಗೆ ಕಾಣದ್ದು ಫೈಲು ಪರಿಶೀಲಿಸುವ ಮೇಡಮ್ಮಿಗೆ ಕಂಡಿತು.

"ಏನಮ್ಮಾ, ನಿನ್ನ ಫೈಲು ಬರ್ತಾ ಬರ್ತಾ ಜರಡಿ ಆಗ್ತಿದೆಯಲ್ಲ?"

"ಕೇಬಲ್ ಹಾಳಾಗಿದೆ ಮೇಡಮ್."

"ಕೇಬಲ್ಲಾ?"

"ಹೂಂ. ಎಡಗಡೇದು."

ಮೇಡಮ್ ಅವಳನ್ನು ನೋಡಿದರು. (ಹೇಗೆ ನೋಡಿದರು ಎಂದು ಬರೆಯಲು ಮೂರು ಸಲ ಪ್ರಯತ್ನಿಸಿದೆ. ಅವಳು ನೆಲ ನೋಡುತ್ತಿದ್ದಳು, ನನಗೆ ಗೊತ್ತಾಗುವುದಾದರೂ ಹೇಗೆ?)

"ಸೋಮವಾರ ಎಲ್ಲರಿಗೂ ಕೇಳೋ ಪರೀಕ್ಷೆ. ಅಷ್ಟರೊಳಗೆ ಹೊಸದು ಹಾಕ್ಸ್ಕೊ."

ಪರೀಕ್ಷೆಯಲ್ಲಿ ಸೋತವರನ್ನು ಕೆಲಸದಿಂದ ತೆಗೆಯುವುದಿಲ್ಲ. ಅಷ್ಟು ಕ್ರೂರಿಗಳಲ್ಲ. ಮುಂಬಾಗಿಲ ಕೌಂಟರಿಗೆ ಹಾಕುತ್ತಾರೆ. ಅಲ್ಲಿ ಬಂದವರೊಡನೆ ಇಡೀ ದಿನ ನಗುನಗುತ್ತಾ ಮಾತಾಡಬೇಕು.

೨, ಮತ್ತೆ

(ಮೂರು ಅಂತ ಬರೆಯಬೇಕಿತ್ತು. ಆದರೆ ಕಥೆ ಇನ್ನೂ ಮುಂದೆ ಹೋಗಿಲ್ಲವಲ್ಲ.)

ಇಯರ್‌ಫೋನು ಅಣ್ಣ ಕೊಟ್ಟದ್ದು. ಅಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾನೆ. ಅವನು ಹೊಸದು ಕೊಂಡಾಗ ಹಳೆಯದು ಇವಳಿಗೆ ಇಳಿದು ಬಂತು. ಹಳೆಯದು ಅಂದರೆ ಸಾಮಾನ್ಯದ್ದಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೂ ಯಾರ ಉಸಿರು ಯಾರದೆಂದು ಬಿಡಿಸಿ ಹೇಳುವಂಥದು. ಗೋಲಿಯಂತೆ ದುಂಡಗಿನ ಎರಡು ಲೋಹದ ಗುಂಡು; ಹಿಂಬದಿಯ ಎರಡು ಪುಟ್ಟ ತೂತಿಗೆ ಕೇಬಲ್ ಸಿಕ್ಕಿಸುವುದು. ಬೇಡವಾದರೆ ಕಿತ್ತು ಬೇರೆಯದು ಹಾಕಬಹುದು. ಇವಳ ಗ್ರಹಚಾರ ಶುರುವಾದದ್ದೇ ಈ ಅನುಕೂಲದಿಂದ.

"ಇನ್ನೂ ಡಬ್ಬಿ ಜೊತೆ ಬಂದ ಕೇಬಲ್ಲೇ ಹಾಕಿದೀಯಾ? ಅರಮನೆ ಕಟ್ಟಿ ತಗಡಿನ ಬಾಗಿಲಿಟ್ಟ ಹಾಗಾಯ್ತಲ್ಲೇ!" ಫೋನಿನಲ್ಲಿ ಅಣ್ಣ ಬೈದ.

"ಕೇಬಲ್ ಬದಲಾಯಿಸಿದ್ರೆ ಎಡಗಡೆ ಸರಿ ಹೋಗುತ್ತಾ?"

"ಹೋಗದೆ ಏನು? ಹೊಸ ಕಿವಿ ಬಂದ ಹಾಗಾಗುತ್ತೆ."

ಈ ಮಾತನ್ನು ಅವನು ಸುಮ್ಮನೆ ಅಂದದ್ದು. ಅವಳು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. (ಫೋನನ್ನು ಯಾವ ಕಿವಿಗೆ ಹಿಡಿದಿದ್ದಳು? ಬಲಕ್ಕೆ. ಐದು ತಿಂಗಳಿಂದ ಬಲಕ್ಕೇ. ಇದನ್ನು ನಾನು ಇಲ್ಲಿ ನುಸುಳಿಸಿದ್ದು ಅವಳಿಗೆ ಗೊತ್ತಿಲ್ಲ.)

ಎರಡು ರಾತ್ರಿ ಕೂತು ಕೇಬಲ್ಲುಗಳ ವಿಮರ್ಶೆ ಓದಿದಳು. ತಾಮ್ರವೆಂದರೆ ಬೆಚ್ಚಗೆ, ಬೆಳ್ಳಿಯೆಂದರೆ ಚುರುಕು, ತಾಮ್ರಕ್ಕೆ ಬೆಳ್ಳಿಯ ಲೇಪವೆಂದರೆ ಹಾವೂ ಸಾಯದ ಕೋಲೂ ಮುರಿಯದ ಏರ್ಪಾಡು. ಒಬ್ಬ ಬರೆದಿದ್ದ: "ಈ ಕೇಬಲ್ ಹಾಕಿದ ಮೇಲೆ ಮೌನ ಇನ್ನಷ್ಟು ಕಪ್ಪಾಯಿತು." (ಇಂಥ ಒಂದು ವಾಕ್ಯ ನನ್ನ ಕೈಯಿಂದ ಇವತ್ತಿನವರೆಗೂ ಹುಟ್ಟಿಲ್ಲ. ಹೊಟ್ಟೆ ಉರಿಯುತ್ತದೆ.) ಇನ್ನೊಬ್ಬ: "ಎಡಗಡೆ ಇಳಿಬಿದ್ದಿದ್ದ ಪರದೆಯನ್ನು ಯಾರೋ ಸರಿಸಿದಂತಾಯಿತು." ಅದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡಳು.

೩ (ಕೈಬಿಟ್ಟ ಡ್ರಾಫ್ಟ್)

ಅಂಗಡಿಯವನ ಕಣ್ಣಲ್ಲಿ ಒಂದು ಕಳ್ಳ ಹೊಳಪಿತ್ತು. ಬೆರಳಿಗೆ ಉಂಗುರ, ಬಾಯಿಗೆ ಬೆಲ್ಲ. "ಬನ್ನಿ ಬನ್ನಿ, ನಿಮ್ಮಂಥ ಕಿವಿ ಇರೋರಿಗೆ ಅಂತಲೇ ಇದನ್ನ ತೆಗೆದಿಟ್ಟಿದ್ದೆ" ಎಂದು ಅವನು...

ಇಲ್ಲ. ಡಿಲೀಟ್. ಅವರು ಹಾಗಿರಲಿಲ್ಲ.

"ಇರ್ಲಿ ಬಿಡು, ಚೆನ್ನಾಗಿತ್ತು" ಅನ್ನುತ್ತಾಳೆ ಇವಳು.

"ಉಂಗುರ ಎಲ್ಲಿತ್ತೇ ಅವರ ಕೈಯಲ್ಲಿ?"

"ಕಥೆ ತಾನೆ? ಹಾಕು ಒಂದು ಉಂಗುರ. ನಿನ್ನ ಗಂಟೇನು ಹೋಗುತ್ತೆ?"

೩

ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ. ಒಂದೇ ಕೋಣೆ, ನಡುವೆ ಬೂದು ಬಣ್ಣದ ಪರದೆ. ಪರದೆಯಾಚೆ ಭೂತಗನ್ನಡಿ ಕೂರಿಸಿದ ದೀಪ, ಬೆಸುಗೆಯ ಹೊಗೆ, ಜಡೆಯಂತೆ ಹೆಣೆದು ತೂಗುಹಾಕಿದ ತಂತಿಗಳು. ಇಲ್ಲಿ ಕೇಬಲ್ ಹೆಣೆದು ಮಾರುವವರನ್ನು ಎಲ್ಲರೂ ಕರೆಯುವುದು ತಂತಿ ಮಾಸ್ತರು ಎಂದು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಈಗಲೂ ಜೇಬಿನಲ್ಲಿ ಕೆಂಪು ಪೆನ್ನು.

ಅವರದೊಂದು ಪದ್ಧತಿ. ಗಿರಾಕಿ ತನ್ನದೇ ಫೈಲು, ತನ್ನದೇ ಇಯರ್‌ಫೋನು ತರಬೇಕು. ಕಣ್ಣು ಮುಚ್ಚಿ ಕೂರಬೇಕು. ಮಾಸ್ತರು ಪರದೆಯ ಹಿಂದೆ ಕೇಬಲ್ ಬದಲಾಯಿಸಿ ಎರಡೂ ಗುಂಡನ್ನು ಕೈಗಿಡುತ್ತಾರೆ. ಕೇಳಿದ್ದನ್ನು ಗಿರಾಕಿ ಚೀಟಿಯಲ್ಲಿ ಬರೆಯಬೇಕು. ಒಂದೇ ಕೇಬಲ್ಲನ್ನು ಎರಡು ಸಲ ಮೆಚ್ಚಿದರೆ ಮಾತ್ರ ಮಾರಾಟ, ಇಲ್ಲವಾದರೆ ಮೆಟ್ಟಿಲಿಳಿಯುವುದು.

"ಕಣ್ಮುಚ್ಚಮ್ಮ."

"ಯಾಕೆ ಸರ್?"

"ಬಿಟ್ಕೊಂಡಿದ್ರೆ ಬೆಳ್ಳಿ ಬಣ್ಣ ಕಾಣುತ್ತೆ. ಕಂಡಿದ್ದು ಕೇಳಿಸಿಬಿಡುತ್ತೆ."

ಅವಳು ತಂದದ್ದು ಒಬ್ಬರೇ ಮಾತಾಡಿರುವ, ಎರಡೂ ಕಡೆಗೆ ಸಮನಾಗಿ ಬರುವ ಫೈಲು. ಕಣ್ಣು ಮುಚ್ಚಿದಳು. ಅಂಗೈ ಮೇಲೆ ತಣ್ಣಗಿನ ಗುಂಡು. "ಇದು ಎಡ, ಇದು ಬಲ" ಎಂದರು ಮಾಸ್ತರು. ಕೇಳಿದಳು, ಬರೆದಳು. ಹೀಗೆ ನಾಲ್ಕು ಸಲ. ನಾಲ್ಕು ಸಲವೂ "ಇದು ಎಡ, ಇದು ಬಲ."

ಮೊದಲ ಚೀಟಿ: ಎಡಗಡೆ ಮಂಕು.
ಎರಡನೆಯದು: ಎಡಗಡೆ ಸ್ವಲ್ಪ ಮಂಕು.
ಮೂರನೆಯದು: ಪರವಾಗಿಲ್ಲ ಅನಿಸುತ್ತದೆ. ಎಡಗಡೆ ಮಾತ್ರ.
ನಾಲ್ಕನೆಯದು: ಎಡಗಡೆ ಮಂಕು.

ಮಾಸ್ತರು ಚೀಟಿಗಳನ್ನು ಉತ್ತರಪತ್ರಿಕೆಯಂತೆ ಜೋಡಿಸಿಕೊಂಡರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಏನೂ ಬರೆಯದೆ ಮತ್ತೆ ಮುಚ್ಚಿದರು.

"ನಿನಗೆ ನಾನು ಕೇಬಲ್ ಕೊಡಲ್ಲಮ್ಮ."

"ಯಾಕೆ ಸರ್? ಬೆಳ್ಳೀದು ಇಲ್ವಾ?"

"ಮೊದಲ್ನೇದೇ ಬೆಳ್ಳೀದು." ಅವರು ಕನ್ನಡಕ ತೆಗೆದು ಒರೆಸಿದರು. "ನಾಲ್ಕನೇ ಸಲ ನಾನು ಕೇಬಲ್ ಬದಲಾಯಿಸ್ಲಿಲ್ಲ. ಮೂರನೇ ಸಲದ್ದನ್ನೇ ತಿರುಗಿಸಿ ಕೊಟ್ಟೆ. ಎಡದ್ದು ನಿನ್ನ ಬಲಗಿವಿಗೆ, ಬಲದ್ದು ಎಡಗಿವಿಗೆ. ಮಂಕು ತಂತೀದೋ ಗುಂಡಿಂದೋ ಆಗಿದ್ರೆ ಬಲಗಡೆಗೆ ಹೋಗ್ಬೇಕಿತ್ತು."

ಅವಳು ನಾಲ್ಕನೆಯ ಚೀಟಿಯನ್ನು ಎಳೆದುಕೊಂಡು ಮತ್ತೆ ಓದಿದಳು.

"ಹೋಗ್ಲಿಲ್ಲ ಮಗಳೇ."

೪

"ಅವರು ಸುಳ್ಳು ಹೇಳ್ತಿದಾರೆ ಅಂತ ಬರಿ."

ಅವಳ ವಾದ ಹೀಗಿದೆ. ಎಡದ್ದನ್ನು ಬಲ ಅಂದು ಕೈಗಿಟ್ಟೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಂದರೆ ಸುಳ್ಳುಗಾರರು. ಸುಳ್ಳುಗಾರರು ಹೇಳಿದ್ದನ್ನು ನಂಬುವುದು ಹೇಗೆ? ಕಣ್ಣು ಮುಚ್ಚಿಸಿದ್ದು ಯಾಕೆ? ತಿರುಗಿಸಿ ಕೊಟ್ಟದ್ದಕ್ಕೆ ಸಾಕ್ಷಿ ಯಾರು? ಒಳ್ಳೆಯ ಕೇಬಲ್ಲನ್ನು ಇನ್ಯಾರಿಗೋ ಎತ್ತಿಟ್ಟು ಇವಳ ಕಿವಿಗೆ ಹೂವಿಟ್ಟು ಕಳಿಸಿರಬಾರದೇಕೆ?

ವಾದ ಚೆನ್ನಾಗಿದೆ. ನಾನೂ ಅರ್ಧ ಪುಟ ಬರೆದೆ. ಬರೆಯುತ್ತ ಬರೆಯುತ್ತ ನನಗೆ ನನ್ನ ಮೇಲೇ ಅನುಮಾನ ಬಂತು. ಮಾಸ್ತರು ಮೋಸಗಾರರಾದರೆ ಎಷ್ಟು ಸಲೀಸು! ಹುಡುಗಿಯ ಕಿವಿ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದಾಗಬೇಕಾದರೆ ಒಬ್ಬ ಮುದುಕರ ಮಾನ ಹೋದರಾಯಿತು, ಅಷ್ಟೇ. ಅವರೂ ಕಥೆಯೊಳಗಿನವರು, ಬಂದು ಜಗಳವಾಡುವುದಿಲ್ಲ.

ಆದರೆ ಮಾರುವವರು ಮಾರಲಿಲ್ಲವಲ್ಲ? ಏನನ್ನೂ ಮಾರದೆ ಮೋಸ ಮಾಡಿದ ವ್ಯಾಪಾರಿಯನ್ನು ನೀವು ನೋಡಿದ್ದೀರಾ?

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ.

"ನೀನು ಯಾರ ಕಡೆ?"

"ನಿನ್ನ ಕಡೆ."

"ಯಾವ ಕಡೆ ಅಂತ ಕೇಳ್ದೆ."

ನಾನು ಅವಳ ಬಲಗಡೆ ಕೂತಿದ್ದೆ. ಅವಳೊಡನೆ ಮಾತಾಡುವಾಗ ನಾನು ಯಾವಾಗಲೂ ಬಲಗಡೆಯೇ ಕೂರುತ್ತೇನೆ. ಯಾವಾಗಿನಿಂದ?

೫

ಅವಳ ಡೈರಿ ನನ್ನ ಹತ್ತಿರವಿದೆ. ಹೇಗೆ ಬಂತು ಎಂದು ಕೇಳಬೇಡಿ. (ಕೈಬರಹ ಯಾರದ್ದು ಎಂದಂತೂ ಕೇಳಲೇಬೇಡಿ.)

ಐದು ತಿಂಗಳ ಹಿಂದಿನ ಪುಟ: "ಇವತ್ತು ಊಟಕ್ಕೆ ಅಮ್ಮ ನನ್ನ ಬಲಗಡೆ ಬಂದು ಕೂತಳು. ಎಡಗಡೆ ಕಿಟಕಿಯ ಸೆಕೆ ಅಂದಳು."

ನಾಲ್ಕು ತಿಂಗಳ ಹಿಂದೆ: "ಚಳಿ ಶುರು. ಅಮ್ಮ ಈಗಲೂ ಬಲಗಡೆಯೇ. ಎಡಗಡೆ ಕಿಟಕಿಯ ಗಾಳಿ ಅಂತೆ."

ಮೂರು ತಿಂಗಳ ಹಿಂದೆ: "ಅಮ್ಮ ಅಡುಗೆಮನೆಯಿಂದ ಕೂಗಿ ಕರೆಯುವುದನ್ನು ಬಿಟ್ಟಿದ್ದಾಳೆ. ಹತ್ತಿರ ಬಂದು ಭುಜ ಮುಟ್ಟುತ್ತಾಳೆ. ವಯಸ್ಸಾಯಿತೇನೋ, ಪ್ರೀತಿ ಜಾಸ್ತಿಯಾಗಿದೆ."

ಮೊದಲೆಲ್ಲ ಎರಡು ಸಲ ಕರೆದೂ ಇವಳು ಓಗೊಡದಿದ್ದರೆ ಅಮ್ಮ ರೇಗುತ್ತಿದ್ದಳು: "ನಿಂದು ಜಾಣಕಿವುಡು ಕಣೇ! ಬೇಕಾದ್ದು ಮಾತ್ರ ಕೇಳುತ್ತೆ!" ಡೈರಿ ಪೂರ್ತಿ ತಿರುವಿ ನೋಡಿದೆ. ಐದು ತಿಂಗಳಿಂದ ಅಮ್ಮ ಆ ಮಾತನ್ನು ಒಮ್ಮೆಯೂ ಆಡಿಲ್ಲ.

ಮಾಸ್ತರ ಮೇಲೆ ಅನುಮಾನಪಟ್ಟಿದ್ದಾಯಿತು, ಕೇಬಲ್ಲಿನ ಮೇಲೆ. ಈಗ ಅಮ್ಮ. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ತಪ್ಪನ್ನು ಕಿಟಕಿಯ ಮೇಲೆ ಹಾಕಿದಳೇ?

೬

ಮುಕ್ತಾಯಗಳು. ಒಂದನ್ನು ಆರಿಸಿಕೊಳ್ಳಿ.

(ಅ) ಅವಳು ಬೇರೆ ಅಂಗಡಿಯಲ್ಲಿ ಬೆಳ್ಳಿಯ ಕೇಬಲ್ ಕೊಳ್ಳುತ್ತಾಳೆ, ಕಣ್ಣು ಬಿಟ್ಟುಕೊಂಡೇ. ಪರದೆ ಸರಿಯುತ್ತದೆ. ಸೋಮವಾರದವರೆಗೆ.

(ಆ) ಕಿವಿಯ ಡಾಕ್ಟರು ಒಳಗೆ ಬಗ್ಗಿ ನೋಡಿ, ಇಷ್ಟು ದಪ್ಪ ಗುಗ್ಗೆ ತೆಗೆದು ತಟ್ಟೆಗೆ ಹಾಕುತ್ತಾರೆ. ಎಲ್ಲರೂ ನಗುತ್ತಾರೆ. ಅಮ್ಮ "ಜಾಣಕಿವುಡು!" ಎಂದು ಬೆನ್ನಿಗೊಂದು ಗುದ್ದುತ್ತಾಳೆ.

(ಇ)

ನೀವು ಆರಿಸಿದ್ದು (ಆ), ಗೊತ್ತು. ನಾನೂ ಅದನ್ನೇ ಆರಿಸಿದ್ದೆ. ಎರಡು ದಿನ ಅದರಲ್ಲೇ ಸುಖವಾಗಿದ್ದೆ. (ಇ)ಯನ್ನು ಖಾಲಿ ಬಿಟ್ಟದ್ದು ಜಾಣತನವಲ್ಲ. ಬರೆಯಲು ಕೂತಾಗ ಅವಳು ಎದ್ದು ಊಟದ ಮೇಜಿಗೆ ಹೋದಳು. ನನ್ನನ್ನು ಕೇಳಲಿಲ್ಲ.

೭

ಭಾನುವಾರ, ಮಧ್ಯಾಹ್ನದ ಊಟ. ಅಮ್ಮ ತಟ್ಟೆ ಇಟ್ಟು, ಎಂದಿನಂತೆ ಬಲಗಡೆಯ ಕುರ್ಚಿ ಎಳೆದಳು.

"ಅಮ್ಮಾ, ಈ ಕಡೆ ಕೂತ್ಕೋ."

"ಯಾಕೇ? ಆ ಕಡೆ ಕಿಟಕಿ..."

"ಕಿಟಕಿ ಮುಚ್ಚಿದೀನಿ."

ಅಮ್ಮ ಕಿಟಕಿಯ ಕಡೆ ನೋಡಿದಳು. ಮುಚ್ಚಿತ್ತು. ಚಿಲಕವೂ ಹಾಕಿತ್ತು. ಅಮ್ಮನ ಕೈಯಲ್ಲಿ ಸೌಟು ಹಾಗೇ ಉಳಿಯಿತು.

"ಊಟ ಆರಿ ಹೋಗುತ್ತೆ ಕಣೇ, ಇದೇನು ಆಟ?"

"ಕೂತ್ಕೋಮ್ಮಾ."

ಅಮ್ಮ ಸುತ್ತಿಕೊಂಡು ಬಂದು ಎಡಗಡೆ ಕೂತಳು. ಹುಡುಗಿ ಬೆರಳಿನಿಂದ ಬಲಗಿವಿ ಒತ್ತಿ ಮುಚ್ಚಿಕೊಂಡಳು. ಆಮೇಲೆ ಕಣ್ಣು ಮುಚ್ಚಿದಳು. ತುಟಿ ಕಂಡರೆ ಕೇಳಿಸಿಬಿಡುತ್ತದೆ, ಮಾಸ್ತರಿಂದ ಕಲಿತದ್ದು.

"ಏನಾದ್ರೂ ಹೇಳು. ಕೂಗ್ಬೇಡ. ಮೊದಲು ಹೇಗೆ ಹೇಳ್ತಿದ್ಯೋ ಹಾಗೆ."

ಇಲ್ಲಿ ನಾನು ಸಹಾಯ ಮಾಡಬಹುದಿತ್ತು. ಅಮ್ಮನ ಬಾಯಲ್ಲಿ ಏನು ಬೇಕಾದರೂ ಇಡಬಹುದು, ಬರೆಯುವವಳು ನಾನೇ ತಾನೆ? "ಉಪ್ಪು ಸಾಕಾ?" ಎಂದು ಬರೆದೆ. ಅಳಿಸಿದೆ. "ನನಗೆ ಮೊದಲೇ ಗೊತ್ತಿತ್ತು ಪುಟ್ಟಿ" ಎಂದು ಬರೆದೆ. ಅದನ್ನಂತೂ ತಕ್ಷಣ ಅಳಿಸಿದೆ. ಅವು ಅಮ್ಮನ ಮಾತಲ್ಲ, ನನ್ನವು. ಐದು ತಿಂಗಳಿಂದ ಫೈಲುಗಳ ತೂತಿನಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ: ಏನು ಹೇಳಿರಬಹುದೋ ಅದನ್ನು ತುರುಕುವುದು, ಊಹೆಗೂ ಸಿಗದಿದ್ದರೆ ಆವರಣ ತೆರೆದು ಬಿಟ್ಟುಬಿಡುವುದು.

(ನಾನು ಅಂದೆನೇ? ಅವಳು. ಅವಳು ಮಾಡುತ್ತಿದ್ದದ್ದು.)

ಪರಿಚಯದ ಉಸಿರು ಎಡಗೆನ್ನೆಗೆ ಬೆಚ್ಚಗೆ ತಾಗಿತು. ಅಮ್ಮ ಬಾಯಿ ತೆರೆದಿದ್ದಾಳೆ ಎಂಬಷ್ಟು ಖಾತ್ರಿ. ಉಸಿರು ತುಂಡುತುಂಡಾಗಿ ಬರುತ್ತಿತ್ತು, ಮಾತಿಗೆ ಬರುವ ಹಾಗೆ. ಅಥವಾ ಅಳುವಾಗ ಬರುವ ಹಾಗೆ. ಬಹಳ ಹೊತ್ತು ಬಂತು. ಒಂದು ಸಣ್ಣ ವಾಕ್ಯಕ್ಕಿಂತ ಉದ್ದ.

ಪೆಡಲಿಗೆಂದು ಮೇಜಿನ ಕೆಳಗೆ ಕಾಲು ಒತ್ತಿದೆ. ನೆಲ.

ಅಮ್ಮ ಹೇಳಿದಳು: [ಅಸ್ಪಷ್ಟ ೦೦:೦